ಬಾಗಿಲು ಮುಚ್ಚಿ ಹೇಳಿದ ಮಾತು

ದುಬಲಗುಂಡಿಯ ಪಂಡರಿ ಇಪ್ಪತ್ನಾಲ್ಕು ವರ್ಷ ಫೌಜಿನಲ್ಲಿದ್ದರೂ ಬಂದೂಕು ಹಿಡಿದದ್ದಕ್ಕಿಂತ ಟೈಪು ಮಾಡಿದ್ದೇ ಹೆಚ್ಚು. ಹವಾಲ್ದಾರ್ ಕ್ಲರ್ಕ್. ಊರವರು ಕೇಳಿದರೆ ಹಿಮದ ಕಥೆ, ಗಡಿಯ ಕಥೆ ಹೇಳುತ್ತಿದ್ದ. ಕಚೇರಿಯ ವಿಷಯ ಬಂದರೆ ಮಾತ್ರ ಬಾಯಿ ಹೊಲಿದುಕೊಳ್ಳುತ್ತಿದ್ದ. ನಿವೃತ್ತನಾಗಿ ಹುಮನಾಬಾದಿನ ತಹಸೀಲ್ ಕಚೇರಿ ಎದುರು ಕೂತು ಮಂದಿಯ ಅರ್ಜಿ ಬರೆದುಕೊಡುವಾಗಲೂ ಒಬ್ಬರ ಗುಟ್ಟು ಇನ್ನೊಬ್ಬರಿಗೆ ದಾಟಿಸಿದವನಲ್ಲ. ಒಳ್ಳೆಯ ಗುಣವೇ. ಆದರೆ ಒಳ್ಳೆಯ ಗುಣವೂ ಒಮ್ಮೊಮ್ಮೆ ಕೊರಳಿಗೆ ಉರುಲಾಗುತ್ತದೆ.

ಅದೇ ಊರಿನ, ಕುರಿ ಕಾಯುವ ಮಾಣಿಕಮ್ಮನ ಮಗ ಸತೀಶಕುಮಾರ ಪಂಡರಿಯ ಪಲ್ಟನ್ನಿನಲ್ಲೇ ಡ್ರೈವರ್ ಆಗಿದ್ದ. ಪಂಡರಿಯ ನಿವೃತ್ತಿಗೆ ಆರು ತಿಂಗಳಿರುವಾಗ ಸತೀಶನ ಲಾರಿ ತುಂಬಿದ ಹಳ್ಳದಲ್ಲಿ ಕೊಚ್ಚಿಹೋಯಿತು. ಅವನ ಜೊತೆ ಇನ್ನಿಬ್ಬರೂ ಸತ್ತರು. ವಿಚಾರಣೆಯ ಹೇಳಿಕೆಗಳನ್ನೆಲ್ಲ ಟೈಪು ಮಾಡಿದವನು ಪಂಡರಿಯೇ. ನೀರು ಇಳಿಯಲಿ ಸಾಹೇಬರೇ ಎಂದು ಡ್ರೈವರ್ ಎರಡು ಸಲ ಬೇಡಿಕೊಂಡಿದ್ದ. ದಾಟು ಎಂದು ವೈರ್‌ಲೆಸ್ಸಿನಲ್ಲಿ ಹುಕುಂ ಕೊಟ್ಟವರು ಕರ್ನಲ್ ಸಾಹೇಬರು. ತಿಂಗಳೊಪ್ಪತ್ತಿನಲ್ಲಿ ಸಾಹೇಬರನ್ನು ಕಮಾಂಡಿನಿಂದ ಇಳಿಸಿದರು. ಪೇಪರಿನಲ್ಲಿ ಬಂದದ್ದು ಎರಡೇ ಸಾಲು. ಆಡಳಿತಾತ್ಮಕ ಕಾರಣದಿಂದ ಈ ಕ್ರಮ. ಅಧಿಕಾರಿಯ ಖಾಸಗಿತನವನ್ನು ಗೌರವಿಸಿ ಹೆಚ್ಚಿನ ವಿವರ ನೀಡಲಾಗದು.

ಸಾಹೇಬರ ಖಾಸಗಿತನ ಉಳಿಯಿತು. ಸತ್ತ ಡ್ರೈವರನಿಗೆ ಅಂಥದ್ದೇನೂ ಇರಲಿಲ್ಲ. ಕಾರಣ ಹೇಳದಿದ್ದರೆ ಊರು ತಾನೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತದೆ, ಊರ ಬಾಯಿಗೆ ಬೀಗ ಹಾಕಲಾದೀತೇ? ಹುಡುಗ ಕುಡಿದಿದ್ದನಂತೆ ಎಂದು ಹನುಮಪ್ಪನ ಗುಡಿಕಟ್ಟೆಯ ಮೇಲೆ ಯಾರೋ ಆಡಿದರು. ಮಾತು ಬಸವಕಲ್ಯಾಣಕ್ಕೂ ಮುಟ್ಟಿತು. ಅಲ್ಲಿಗೆ ಕೊಟ್ಟಿದ್ದ ಮಾಣಿಕಮ್ಮನ ಮಗಳು ರಾಜೇಶ್ವರಿಯನ್ನು ಅವಳ ಅತ್ತೆ ಕುಡುಕನ ಅಕ್ಕ ಎಂದೇ ಕರೆಯತೊಡಗಿದಳು.

ಶಾಲೆಯ ಹೊಸ ಕೋಣೆಗೆ ಸತೀಶನ ಹೆಸರಿಡುವ ಮಾತು ಬಂದಾಗ ಪಂಚಾಯಿತಿ ಮೆಂಬರ್ ಅನೀಲಕುಮಾರ ಕಟ್ಟೆಯ ಮೇಲೆ ಎಲ್ಲರೆದುರು ಕೇಳಿದ.

"ಪಂಡರಿ ಮಾಮಾ, ನೀವು ಅಲ್ಲೇ ಇದ್ರಿ. ಹುಡುಗ ಕುಡದಿದ್ದನೋ ಇಲ್ಲೋ, ಖರೆ ಹೇಳ್ರಿ."

ಮಾತು ನಾಲಿಗೆಯ ತುದಿಗೆ ಬಂತು. ಕಚೇರಿಯ ಗುಟ್ಟು ಬಿಡೆನೆಂದು ಫೌಜಿನಲ್ಲಿ ಮಾಡಿದ ಆಣೆ ನೆನಪಾಯಿತು, ಪಿಂಚಣಿ ನೆನಪಾಯಿತು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಕೇಳುವ ಮೊದಲೇ ರಜೆ ಕೊಟ್ಟ ಅದೇ ಸಾಹೇಬರೂ ನೆನಪಾದರು.

"ಅದು ಆಫೀಸಿನ ಗುಟ್ಟದ. ಹೇಳಾಕ ಬರಂಗಿಲ್ಲ."

ಗುಟ್ಟು ಎಂದ ಮೇಲೆ ಇನ್ನೇನು ಉಳಿಯಿತು? ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೆಸರಿಡುವ ಮಾತು ಅಲ್ಲಿಗೇ ಬಿತ್ತು. ತಾನು ಬಾಯಿ ಮುಚ್ಚಿಯೇ ಸತೀಶನನ್ನು ಕುಡುಕನನ್ನಾಗಿ ಮಾಡಿದೆ ಎಂಬುದು ಪಂಡರಿಗೆ ಮನೆ ಮುಟ್ಟುವಷ್ಟರಲ್ಲಿ ಹೊಳೆಯಿತು.

ಮರುದಿನ ಬೆಳಿಗ್ಗೆ ಮಾಣಿಕಮ್ಮನ ಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಇದ್ದದ್ದನ್ನೆಲ್ಲ ಹೇಳಿದ. ಹೇಳುತ್ತ ಅತ್ತ. ಅವಳು ಅಳಲಿಲ್ಲ.

"ಮಂದಿ ಕುರಿ ಮೇಸಾಕ ಒಯ್ತೀವಿ. ಒಂದು ಸತ್ತರ ಅದರ ಗುರುತಿನ ಕಿವಿ ತಂದು ಮಾಲಕನ ಮುಂದ ಇಡತೀವಿ. ಹಿಂಗ ಸತ್ತಿತು, ನಮ್ಮ ತಪ್ಪು ಇಷ್ಟು ಅಂತ ನಾಕ್ ಮಂದ್ಯಾಗ ಹೇಳತೀವಿ. ಕುರಿಗಿ ಅಷ್ಟು ಅದ, ತಮ್ಮಾ. ನನ್ನ ಮಗಗ ಒಂದು ಝಂಡಾ ಹೊದಿಸಿ ಕಳಿಸಿದ್ರು."

"ಅದಕ್ಕ ಈಗ ಹೇಳೀನಲ್ಲ ಅಕ್ಕಾ."

"ನನಗೇನು ಹೇಳತಿ? ಹಡದಾಕಿ ನಾ, ನನಗ ಗೊತ್ತಿತ್ತು. ಕುಡುಕ ಅಂದದ್ದು ಕಟ್ಟಿ ಮ್ಯಾಲ. ಅಲ್ಲಿ ಹೋಗಿ ಹೇಳು."

ಎದ್ದು ಬಾಗಿಲು ಪೂರ್ತಿ ತೆರೆದಳು.

ಪಂಡರಿ ಹೊರಟ. ಕಟ್ಟೆಯ ಮೇಲೆ ಅನೀಲಕುಮಾರ, ಇನ್ನೂ ನಾಲ್ಕೈದು ಮಂದಿ ಕೂತಿದ್ದರು. "ಬರ್ರಿ ಮಾಮಾ, ಚಹಾ ಕುಡೀರಿ" ಎಂದು ಜಾಗ ಬಿಟ್ಟರು. ಹಿಂತಿರುಗಿ ನೋಡಿದರೆ ಮಾಣಿಕಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಬಂತು.

"ಅರ್ಜೆಂಟ್ ಕೆಲಸ ಅದ" ಎಂದು ಪಂಡರಿ ಹತ್ತಿಬಿಟ್ಟ.

ಸಂಜೆ ಬಸ್ಸಿಳಿದು ತಲೆ ತಗ್ಗಿಸಿ ಮನೆಗೆ ನಡೆದಾಗ ಮಾಣಿಕಮ್ಮ ಅಂಗಳದಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು. ಕಿವಿ ಮಂದವಾದ್ದರಿಂದ ಸ್ಪೀಕರ್ ಹಾಕಿಕೊಂಡಿದ್ದಳು. ರಾಜೇಶ್ವರಿಯ ದನಿ ದಾರಿಯ ತನಕ ಕೇಳುತ್ತಿತ್ತು.

"ಪಂಡರಿ ಮಾಮಾ ಏನರೆ ಹೇಳಿದನೇನವ್ವಾ?"

ಮಾಣಿಕಮ್ಮ ಅವನನ್ನು ನೋಡಿದಳು. ದನಿ ತಗ್ಗಿಸಲಿಲ್ಲ.

"ಬಂದಿದ್ದ. ಬಾಗಲಾ ಹಾಕ್ಕೊಂಡು ಅತ್ತು ಹೋದ."