ಹಲ್ಲಿಗೆ ಲ್ಯಾಮಿನೇಷನ್

ನಮ್ಮ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವಳು ಅವಳು, ತೆಗೆದ ಫೋಟೋಗೆ ಗಾಜು ಕತ್ತರಿಸಿ ಚೌಕಟ್ಟು ಹಾಕುವವನು ನಾನು. ನಡುವೆ ಒಂದು ಪ್ಲೈವುಡ್ ಗೋಡೆ. ಆ ಕಡೆಯಿಂದ "ಗದ್ದ ಮೇಲೆ, ಸ್ವಲ್ಪ ನಗಿ" ಎನ್ನುವ ಅವಳ ದನಿ, ಈ ಕಡೆಯಿಂದ ನನ್ನ ಸುತ್ತಿಗೆಯ ಸದ್ದು. ಗಿರಾಕಿಗಳಿಗೆ ಅವಳು ಮೇಡಂ, ನನಗೆ ತಂಗಿ. ಒಡಹುಟ್ಟಿದವಳೇನಲ್ಲ. ಒಡಹುಟ್ಟಿದವರ ಹತ್ತಿರ ನಾನು ಇಷ್ಟು ಜಗಳ ಆಡಿದ್ದರೆ ಅವರು ಎಂದೋ ಮಾತು ಬಿಡುತ್ತಿದ್ದರು.

ತಂಗಿಗೆ ಮುಂದಿನ ಹಲ್ಲು ನಾಲ್ಕೂ ಉಬ್ಬು. ತುಟಿ ಮುಚ್ಚಿದರೂ ಹಲ್ಲು ಮುಚ್ಚದಷ್ಟು ಉಬ್ಬು. ಅವಳ ತಾಯಿ ಅವಳನ್ನು ಕರೆಯುತ್ತಿದ್ದದ್ದೇ ತುರಿಮಣೆ ಅಂತ. "ಲೇ ತುರಿಮಣೆ, ಬಾರೆ ಊಟಕ್ಕೆ." ಆ ಮುದುಕಿ ಯಾರನ್ನೇ ಆಗಲಿ ಬಾಯಿ ನೋಡಿ ಗುರುತು ಹಿಡಿಯುತ್ತಿದ್ದಳು, ಹೆಸರೂ ಅದರ ಮೇಲೇ ಇಡುತ್ತಿದ್ದಳು. ನನಗೆ ಮುಂದಿನ ಎರಡು ಹಲ್ಲಿಲ್ಲ, ಹಾಗಾಗಿ ನಾನು ಬೊಚ್ಚ. ಅವರ ಮನೆಯ ಕೆಳಗಿನ ಪಂಕ್ಚರ್ ಅಂಗಡಿಯವನ ಹಲ್ಲಿನ ನಡುವೆ ದೊಡ್ಡ ಸಂದು, ಅವನು ಕಿಟಕಿ. ಮನೆ ಮಾಲೀಕ ಕೋರೆ. ಇದಕ್ಕೆಲ್ಲ ಬೇಜಾರು ಮಾಡಿಕೊಂಡವರನ್ನು ನಾನು ಕಂಡಿಲ್ಲ. ಹೆಸರಿಟ್ಟು ಕರೆದ ಮೇಲೆ ಒಂದು ಲೋಟ ಕಾಫಿ ಕೊಡದೆ ಅವಳು ಯಾರನ್ನೂ ಕಳಿಸಿದವಳಲ್ಲ.

ತಮಾಷೆ ಏನೆಂದರೆ, ನಮ್ಮ ಪೇಟೆಯ ಅರ್ಧ ಜನರ ಹಲ್ಲು ಸರಿ ಮಾಡಿದವಳು ಈ ತಂಗಿಯೇ. ಕಂಪ್ಯೂಟರಿನಲ್ಲಿ. ಸೊಟ್ಟ ಹಲ್ಲನ್ನು ಮೌಸಿನಿಂದ ಹಿಡಿದು ಎಳೆದು, ತಳ್ಳಿ, ಬಿಳಿ ಮಾಡಿ, ಟೀ ಆರುವಷ್ಟರಲ್ಲಿ ಮುಗಿಸಿಬಿಡುತ್ತಾಳೆ. ಫೋಟೋ ನೋಡಿದವರು ತಾವು ಹುಟ್ಟಿದ್ದೇ ಹಾಗೆ ಅನ್ನುವಂತೆ ಖುಷಿಯಾಗಿ ಹೋಗುತ್ತಾರೆ. ತನ್ನದೊಂದು ಫೋಟೋ ಮಾತ್ರ ಅವಳು ತೆಗೆಸಿಕೊಂಡಿದ್ದಿಲ್ಲ. ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತಿತ್ತು, ಆಮೇಲೆ ನಗು ಹೊರಗೆ ಬರುತ್ತಿತ್ತು.

ಒಂದು ದಿನ ಗೋಡೆಯ ಆಚೆಯಿಂದ ಹೇಳಿದಳು. "ಅಣ್ಣಾ, ಹಲ್ಲು ಸರಿ ಮಾಡಿಸ್ತೀನಿ."

"ಯಾವ ಫೋಟೋದ್ದು?"

"ನನ್ನದು."

ನಲವತ್ತು ದಾಟಿದ ಹೆಂಗಸು. ನನಗೆ ಬಾಯಿ ಸುಮ್ಮನಿರುವುದಿಲ್ಲ. "ಈ ವಯಸ್ಸಲ್ಲಿ ಯಾರಿಗೆ ತೋರ್ಸಕ್ಕೆ?" ಎಂದೆ.

"ಯಾರಿಗೂ ಅಲ್ಲ. ಸಾಯೋದ್ರೊಳಗೆ ಒಂದ್ಸಲ ಕೈ ಅಡ್ಡ ಇಲ್ದೆ ನಗ್ಬೇಕು. ಅಷ್ಟೇ."

ನಾನು ಕೈಯಲ್ಲಿದ್ದ ಚೌಕಟ್ಟಿಗೆ ಇನ್ನೊಂದು ಮೊಳೆ ಹೊಡೆದೆ.

ಮಕ್ಕಳಿಗೆ ಹಾಕುವಂಥ ತಂತಿ ಅಲ್ಲ ಇದು. ಡಾಕ್ಟರು ಬಾಯಿಯ ಅಳತೆ ತೆಗೆದು, ಹಲ್ಲಿನ ಮೇಲೆ ಕೂರುವ ತೆಳ್ಳನೆಯ ಪ್ಲಾಸ್ಟಿಕ್ ಅಚ್ಚುಗಳನ್ನು ಮಾಡಿಸಿ ಕೊಟ್ಟಿದ್ದರು. ಹಾಕಿಕೊಂಡರೆ ಕಾಣುವುದೇ ಇಲ್ಲ. ಒಂದು ಜೊತೆ ಎರಡು ವಾರ, ಆಮೇಲೆ ಇನ್ನೊಂದು. ಪ್ರತಿಯೊಂದೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇರೆ. ಹಾಗೆ ತಳ್ಳುತ್ತ ತಳ್ಳುತ್ತ ಹಲ್ಲನ್ನು ಒಳಗೆ ಕೂರಿಸುವುದು. ಉಣ್ಣುವಾಗ ತೆಗೆದಿಡಬೇಕು, ಉಳಿದ ಹೊತ್ತೆಲ್ಲ ಹಾಕಿಕೊಂಡೇ ಇರಬೇಕು. ಅವಳು ಡಬ್ಬಿ ತೆರೆದು ತೋರಿಸಿದಾಗ ನಾನು ಕೇಳಿದೆ, "ಇದೇನೆ, ಹಲ್ಲಿಗೆ ಲ್ಯಾಮಿನೇಷನ್ನಾ?" ಆ ಹೆಸರೇ ನಿಂತುಬಿಟ್ಟಿತು. ಊಟ ಮುಗಿಸಿ ಎದ್ದು, "ಇರಿ ಅಣ್ಣ, ಲ್ಯಾಮಿನೇಷನ್ ಮಾಡ್ಕೊಂಡು ಬರ್ತೀನಿ" ಎಂದು ಕೈತೊಳೆಯುವ ತೊಟ್ಟಿಯ ಕಡೆ ಹೋಗುತ್ತಿದ್ದಳು.

ಮೊದಲ ವಾರಗಳಲ್ಲಿ ಅವಳ ಬಾಯಲ್ಲಿ ಸಕಾರವೆಲ್ಲ ಶಕಾರ. "ಶ್ವಲ್ಪ ನಗಿ ಶಾರ್" ಅನ್ನುವುದು, ಎದುರಿಗೆ ಕೂತ ಶಾರ್ ನಿಜವಾಗಿಯೂ ನಕ್ಕುಬಿಡುವುದು. ಆ ತಿಂಗಳು ನಮ್ಮ ಸ್ಟುಡಿಯೋದಿಂದ ಹೋದಷ್ಟು ಒಳ್ಳೆಯ ಫೋಟೋಗಳು ಬೇರೆ ಯಾವ ತಿಂಗಳೂ ಹೋಗಿಲ್ಲ. ಇನ್ನೊಂದು ದಿನ ಊಟಕ್ಕೆ ಕೂತಾಗ ಅಚ್ಚನ್ನು ಕಾಗದದಲ್ಲಿ ಸುತ್ತಿಟ್ಟು, ಕಾಗದದ ಸಮೇತ ಕಸಕ್ಕೆ ಎಸೆದಳು. ಇಬ್ಬರೂ ಕಸದ ಡಬ್ಬಿಯನ್ನು ಬೋರಲು ಹಾಕಿ ಹುಡುಕಿದೆವು. ಬಾಳೆಹಣ್ಣಿನ ಸಿಪ್ಪೆಗೆ ಅಂಟಿಕೊಂಡು ಸಿಕ್ಕಿತು. ನಾನು ಬೈದೆ, ಅವಳು ನಕ್ಕಳು, ಆಗಲೂ ಕೈ ಬಾಯಿಗೇ ಹೋಯಿತು.

ಅದೇ ಕಾಲದಲ್ಲಿ ಮುದುಕಿಗೆ ಮರೆವು ಶುರುವಾಯಿತು. ಮೊದಲು ಬೀಗದ ಕೈ, ಆಮೇಲೆ ಒಲೆಯ ಮೇಲಿನ ಹಾಲು, ಆಮೇಲೆ ಮನುಷ್ಯರು. ಸಂಜೆ ತಂಗಿ ಮನೆಗೆ ಹೋದರೆ ಬಾಗಿಲಲ್ಲಿ ನಿಲ್ಲಿಸಿಕೊಂಡು, "ಯಾರು ನೀನು? ಹಲ್ಲು ತೋರ್ಸು ನೋಡೋಣ" ಅನ್ನುತ್ತಿದ್ದಳಂತೆ. ಇವಳು ಹಲ್ಲು ಕಿಸಿಯುವುದು, ಅವಳು "ಹಾಂ, ನಮ್ಮ ತುರಿಮಣೆ" ಎಂದು ಬಾಗಿಲು ಬಿಡುವುದು. ತಂಗಿ ಇದನ್ನು ತಮಾಷೆಯಾಗಿ ನನಗೆ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ. ಮಗಳ ಹಲ್ಲು ದಿನದಿನಕ್ಕೆ ಒಳಗೆ ಹೋಗುತ್ತಿದೆ, ತಾಯಿ ಹಿಡಿದುಕೊಂಡಿರುವುದು ಆ ಹಲ್ಲನ್ನೇ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬರಬರುತ್ತ ಮುದುಕಿ ಬಾಗಿಲಲ್ಲಿ ನೋಡುತ್ತ ನಿಲ್ಲುವ ಹೊತ್ತು ಜಾಸ್ತಿಯಾಯಿತು. ತಂಗಿ ಅದು ಬೆಳಕು ಸಾಲದ್ದಕ್ಕೆ ಎಂದುಕೊಂಡು ಬಾಗಿಲಿಗೆ ದೊಡ್ಡ ಬಲ್ಬು ಹಾಕಿಸಿದಳು.

ಕೊನೆಯ ಅಚ್ಚು ಮುಗಿದ ದಿನ ಡಾಕ್ಟರ ಹತ್ತಿರ ಹೋಗಿ ಬಂದಳು. ಇನ್ನು ಹಲ್ಲು ಜರುಗದ ಹಾಗೆ ರಾತ್ರಿ ಮಾತ್ರ ಒಂದು ಅಚ್ಚು ಹಾಕಿಕೊಂಡರೆ ಸಾಕಂತೆ. ನಾನು ಏನೋ ಒಂದು ಕೆಟ್ಟ ಜೋಕು ಹೇಳಿದೆ. ಅವಳು ನಕ್ಕಳು. ಕೈ ಮೇಲೆ ಬರಲಿಲ್ಲ, ಮೇಜಿನ ಮೇಲೇ ಇತ್ತು. ಇಷ್ಟು ವರ್ಷ ಆ ಮುಖದಲ್ಲಿ ಇಂಥ ನಗು ಇತ್ತೆಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆ ತಣ್ಣಗಾಯಿತು ನನಗೆ. ಬಾಯಲ್ಲಿ ಮಾತ್ರ, "ಪರವಾಗಿಲ್ಲ, ಡಾಕ್ಟರಿಗೆ ಕೆಲಸ ಬರುತ್ತೆ" ಎಂದೆ.

ಅವರ ಅಡುಗೆಮನೆ ಕಿಟಕಿಯ ಗಾಜು ಬಿರುಕು ಬಿಟ್ಟಿತ್ತು. ಅಳತೆ ತೆಗೆದುಕೊಳ್ಳಲು ಅವತ್ತು ಸಂಜೆ ನಾನೂ ಅವಳ ಜೊತೆ ಹೋದೆ. ಮುದುಕಿ ಬಾಗಿಲು ತೆರೆದಳು. ನನ್ನ ಬಾಯಿ ನೋಡಿದ್ದೇ, "ಬಾರೋ ಬೊಚ್ಚ" ಎಂದಳು. ಆಮೇಲೆ ನನ್ನ ಪಕ್ಕದವಳನ್ನು ನೋಡಿ, "ಇವರು ಯಾರೋ?" ಎಂದಳು.

"ಅಮ್ಮಾ, ನಾನು ಕಣೆ" ಎಂದಳು ತಂಗಿ. ಕೇಳುವ ಮುಂಚೆಯೇ ಹಲ್ಲು ತೋರಿಸಿದಳು.

ಮುದುಕಿ ತುಂಬ ಹೊತ್ತು ನೋಡಿದಳು. "ಚೆನ್ನಾಗಿದೆ" ಎಂದಳು. "ಬನ್ನಿ, ಒಳಗೆ ಬನ್ನಿ. ಕೂತ್ಕೊಳ್ಳಿ. ನಮ್ಮ ಹುಡುಗಿ ಇನ್ನೇನು ಬರೋ ಹೊತ್ತು."

ಬನ್ನಿ ಅಂದಳು. ಹೆತ್ತ ಮಗಳಿಗೆ. ಬೈದಿದ್ದರೆ, ಬಾಗಿಲು ಹಾಕಿಕೊಂಡಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಆ ಮುದುಕಿ ಮರ್ಯಾದೆ ಕೊಟ್ಟಳು. ತಂಗಿ ತನ್ನ ಮನೆಯ ಕುರ್ಚಿಯ ತುದಿಯಲ್ಲಿ ನೆಂಟರ ಹಾಗೆ ಕೂತಳು. ನಾನು ಕಿಟಕಿಯ ಅಳತೆ ತೆಗೆದುಕೊಂಡೆನೋ ಇಲ್ಲವೋ ನನಗೆ ನೆನಪಿಲ್ಲ.

ಅಲ್ಲಿಂದ ಮುಂದೆ ದಿನವೂ ಹಾಗೇ. ತಲೆ ಬಾಚಲು ಹೋದರೆ, "ನಿಮಗ್ಯಾಕೆ ತೊಂದರೆ, ನನ್ನ ಮಗಳು ಬರ್ತಾಳೆ." ಮಾತ್ರೆ ಕೊಟ್ಟರೆ, "ಅವಳು ಬಂದ್ಮೇಲೆ ತಗೋತೀನಿ, ಬೇಜಾರು ಮಾಡ್ಕೋಬೇಡಿ." ತುರಿಮಣೆ ಎಂದು ಕರೆಸಿಕೊಂಡು ನಲವತ್ತು ವರ್ಷ ಸಾಕುಸಾಕಾಗಿದ್ದವಳು ಈಗ ಆ ಒಂದು ಮಾತಿಗೆ ಬಾಯಿಬಾಯಿ ಬಿಡುತ್ತಿದ್ದಳು. ತಾನೇ ಹೋಗಿ ಎದುರಿಗೆ ನಿಂತು, "ನಾನೇ ಅಮ್ಮ, ತುರಿಮಣೆ" ಎಂದಳಂತೆ ಒಂದು ದಿನ. "ಛೆ, ನಿಮ್ಮನ್ನ ಹಾಗೆಲ್ಲ ಅನ್ಬಾರ್ದು" ಎಂದು ಮುದುಕಿ ಕೆನ್ನೆ ಸವರಿದಳಂತೆ.

ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. "ಮೊದಲಿನ ಥರ ವಾಪಸ್ ಮಾಡಕ್ಕಾಗುತ್ತಾ?" ಎಂದು ಕೇಳಿದಳು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪಾಪ, ಏನು ತಪ್ಪಾಯಿತೋ ಎಂದು ಗಾಬರಿಯಾದಳು. ವಿಷಯ ಕೇಳಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಹೇಳಿದಳು, "ರಾತ್ರಿ ಹಾಕ್ಕೊಳ್ಳೋ ಅಚ್ಚು ಬಿಟ್ರೆ ಹಲ್ಲು ತಾನಾಗೇ ಸ್ವಲ್ಪ ಮುಂದಕ್ಕೆ ಬರುತ್ತೆ. ಹಳೇ ಜಾಗದ ನೆನಪು ಇರುತ್ತೆ ಅದಕ್ಕೆ. ಆದ್ರೆ ಪೂರ್ತಿ ಹೋಗಲ್ಲ, ಬೇಗಾನೂ ಹೋಗಲ್ಲ." ಹಲ್ಲಿಗೆ ನೆನಪಿರುತ್ತದಂತೆ. ಇರಬೇಕಾದವರಿಗೆ ಇಲ್ಲ. ನನಗೆ ಯಾರ ಮೇಲೆಂದು ಗೊತ್ತಾಗದ ಸಿಟ್ಟು ಬಂತು.

ಅವತ್ತಿನಿಂದ ತಂಗಿ ರಾತ್ರಿಯ ಅಚ್ಚು ಹಾಕಿಕೊಳ್ಳುವುದನ್ನು ಬಿಟ್ಟಳು. ಎತ್ತಿಟ್ಟಿದ್ದ ಮೊಟ್ಟಮೊದಲ ಅಚ್ಚನ್ನು ಹುಡುಕಿ ಹಾಕಿಕೊಳ್ಳಲು ನೋಡಿದಳು, ಅದು ಕೂರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ನಾಲಿಗೆಯಿಂದ ಹಲ್ಲನ್ನು ಮುಂದಕ್ಕೆ ತಳ್ಳುತ್ತ ಇರುತ್ತಿದ್ದಳು. ಪ್ಲೈವುಡ್ಡಿನ ಸಂದಿನಿಂದ ನೋಡಿದರೆ ಕಾಣುತ್ತಿತ್ತು. ನಾನು ನೋಡದ ಹಾಗೆ ಇರುತ್ತಿದ್ದೆ.

ಆಮೇಲೆ ಒಂದು ಉಪಾಯ ಮಾಡಿದೆವು. ನಮ್ಮ ಕಸುಬಿನವರಿಗೆ ಮಾತ್ರ ಹೊಳೆಯುವಂಥ ದಡ್ಡ ಉಪಾಯ. ನಾನೇ ಕ್ಯಾಮೆರಾ ಹಿಡಿದು ಅವಳದೊಂದು ಫೋಟೋ ತೆಗೆದೆ. ಅವಳು ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು, ಊರಿನವರ ಹಲ್ಲೆಲ್ಲ ಒಳಗೆ ತಳ್ಳಿದ ಅದೇ ಕೈಯಿಂದ, ತನ್ನ ಹಲ್ಲನ್ನು ಹೊರಗೆ ಎಳೆದಳು. ಸಾಯಂಕಾಲದವರೆಗೂ ಎಳೆದಳು. ಯಾವ ಹಲ್ಲು ಎಷ್ಟು ಓರೆ, ಯಾವುದರ ಅಂಚು ಎಷ್ಟು ಸವೆದಿತ್ತು, ಎಲ್ಲ ಅವಳಿಗೆ ಬಾಯಿಪಾಠ. ಮುಗಿಸಿದಾಗ ಪರದೆಯ ಮೇಲೆ ನಮ್ಮ ಹಳೆಯ ತಂಗಿ ಕೂತಿದ್ದಳು. ನಾನು ಒಳ್ಳೆಯ ಮರದ ಚೌಕಟ್ಟು ಹಾಕಿ, ಬೆಳಕು ಹೊಡೆಯದ ಗಾಜು ಕೂರಿಸಿದೆ. ತಾಯಿ ಫೋಟೋದಲ್ಲಿ ಮಗಳನ್ನು ಗುರುತು ಹಿಡಿಯಲಿ, ಅದೇ ಬಟ್ಟೆ ಹಾಕಿಕೊಂಡು ಇವಳು ಪಕ್ಕದಲ್ಲಿ ನಿಲ್ಲಲಿ. ಮೂಗು ಅದೇ, ಹಣೆ ಅದೇ, ಮಚ್ಚೆ ಅದೇ, ಆಗ ತಿಳಿಯುತ್ತದೆ ಎಂಬುದು ನಮ್ಮ ಲೆಕ್ಕ.

ಅರ್ಧ ಲೆಕ್ಕ ಸರಿಯಾಯಿತು. ಫೋಟೋ ನೋಡಿದ ತಕ್ಷಣ ಮುದುಕಿ, "ಲೇ ತುರಿಮಣೆ, ಇಲ್ಲಿದ್ದೀಯೇನೆ" ಎಂದು ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ತಂಗಿ ಪಕ್ಕದಲ್ಲಿ ಮಂಡಿಯೂರಿ ಕೂತು, "ಅಮ್ಮ, ಅದು ನಾನೇ, ನೋಡು" ಎಂದಳು. ಮುದುಕಿ ಫೋಟೋ ನೋಡಿದಳು, ಇವಳನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. "ಇಲ್ಲ ಬಿಡಿ" ಎಂದಳು. "ಒಂದೇ ಥರ ಬಟ್ಟೆ, ಅಷ್ಟೇ."

ಈಗ ಮುದುಕಿ ಊಟ ಮಾಡುವುದು ಆ ಫೋಟೋದ ಎದುರಿಗೆ. ಮಾತಾಡುವುದು ಅದರ ಹತ್ತಿರ. "ಎಷ್ಟೊತ್ತಿಗೆ ಬರ್ತೀಯೆ, ಬಿಸಿ ಆರೋಗುತ್ತೆ" ಎಂದು ಅದನ್ನೇ ಗದರುತ್ತಾಳೆ. ಒಂದು ದಿನ ತಂಗಿ ಅದನ್ನು ಬೀರುವಿನಲ್ಲಿ ಬಚ್ಚಿಟ್ಟಳು. ಮುದುಕಿ ಮಂಚದ ಕೆಳಗೆ, ಬಾಗಿಲ ಹಿಂದೆ ಹುಡುಕಿ ಹುಡುಕಿ, ಮಗಳು ಕಳೆದುಹೋದಳೆಂದು ಕೂತು ಅತ್ತಳು. ತಂಗಿಯೇ ತಂದು ಕೈಗೆ ಕೊಟ್ಟಳು. ಇಟ್ಟರೆ ಮಗಳು ಮನೆಯಲ್ಲಿಲ್ಲ, ತೆಗೆದರೆ ಮಗಳು ಲೋಕದಲ್ಲೇ ಇಲ್ಲ. ಅತ್ತ ದರಿ, ಇತ್ತ ಪುಲಿ. ಆ ಚೌಕಟ್ಟಿಗೆ ಮೊಳೆ ಹೊಡೆದದ್ದು ನನ್ನ ಕೈ. ಅದನ್ನು ಒಡೆದುಹಾಕಬೇಕು ಅನ್ನಿಸುತ್ತದೆ, ಒಡೆದು ಮಾಡುವುದಾದರೂ ಏನು?

ಹೋದ ಭಾನುವಾರ ಕೊನೆಗೂ ಕಿಟಕಿಗೆ ಗಾಜು ಕೂರಿಸಲು ಹೋದೆ. ನಾನು ಕಿಟಕಿಯ ಹತ್ತಿರ ಪುಟ್ಟಿ ಮೆತ್ತುತ್ತಿದ್ದೆ, ತಂಗಿ ನೆಲದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಳು, ಮುದುಕಿ ಕುರ್ಚಿಯಲ್ಲಿ, ತೊಡೆಯ ಮೇಲೆ ಫೋಟೋ.

"ಒಂದು ಮಾತು ಕೇಳ್ಲಾ, ತಪ್ಪು ತಿಳ್ಕೋಬೇಡಿ" ಎಂದಳು ಮುದುಕಿ, ಮಗಳಿಗೆ.

"ಕೇಳಮ್ಮ."

"ನಿಮ್ಮ ಹಲ್ಲು ಮೊದಲಿಂದ ಹೀಗೇನಾ, ಇಲ್ಲಾ ಮಾಡಿಸಿದ್ದಾ?"

"ಮಾಡಿಸಿದ್ದು."

ಮುದುಕಿ ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. "ನನ್ನ ಮಗಳಿಗೂ ಮಾಡಿಸ್ಬೇಕಿತ್ತು. ಚಿಕ್ಕೋಳಿದ್ದಾಗ್ಲೇ. ನನ್ನ ಕೈಲಾಗ್ಲಿಲ್ಲ. ಬೀದಿ ಮಕ್ಕಳು ಆಡ್ಕೊಳ್ಳೋಕೆ ಮುಂಚೆ ನಾನೇ ತುರಿಮಣೆ ಅಂತ ಕರೆದ್ರೆ, ಆಮೇಲೆ ಯಾರು ಅಂದ್ರೂ ಅಷ್ಟು ನೋಯಲ್ಲ ಅಂದ್ಕೊಂಡೆ. ಅವಳು ನಗ್ತಿದ್ಲು. ಒಳಗೆ ಏನಿತ್ತೋ, ನಾನು ಕೇಳ್ಲಿಲ್ಲ."

ತಂಗಿಯ ಕೈ ನಿಂತಿತು. ಏನಾದರೂ ಹೇಳಿದರೆ ಯಾರಿಗೆ ಹೇಳಿದ ಹಾಗಾಗುತ್ತಿತ್ತು?

"ಈಗ ಅವಳು ಬರ್ಲಿ, ನಾನೇ ಕರ್ಕೊಂಡು ಹೋಗ್ತೀನಿ. ಎಲ್ಲಿ ಅಂತ ಹೇಳ್ತೀರಾ?"

"ಬಸ್ ಸ್ಟಾಂಡ್ ಎದುರಿಗೆ" ಎಂದಳು ತಂಗಿ. "ಔಷಧಿ ಅಂಗಡಿ ಮೇಲೆ."

"ಬಸ್ ಸ್ಟಾಂಡ್ ಎದುರಿಗೆ, ಔಷಧಿ ಅಂಗಡಿ ಮೇಲೆ" ಎಂದು ಮುದುಕಿ ಮರೆಯದ ಹಾಗೆ ಹೇಳಿಕೊಂಡಳು. "ತುಂಬಾ ನೋವಾಗುತ್ತಾ? ಅವಳು ನೋವು ತಡೆಯೋಳಲ್ಲ."

"ಇಲ್ಲ. ಅಷ್ಟೇನೂ ಆಗಲ್ಲ."

"ಸದ್ಯ" ಎಂದಳು ಮುದುಕಿ. ಮಗಳ ಮುಖವನ್ನು ಪ್ರೀತಿಯಿಂದಲೇ ನೋಡಿದಳು. "ನಿಮ್ಮ ತಾಯಿ ಇದನ್ನ ನೋಡಿ ಎಷ್ಟು ಸಂತೋಷಪಟ್ಟಿರ್ಬೇಕು."

"ಹೂಂ" ಎಂದಳು ತಂಗಿ. "ತುಂಬಾ ಸಂತೋಷಪಟ್ಲು."