ದೊಡ್ಡೊಲೆ ಆರಿದ್ದು

ಔಷಧಿ ಸೀಸೆ ಮಾಡುವ ಆ ಕಾರ್ಖಾನೆಯಲ್ಲಿ ಗಾಜು ಕರಗಿಸುವ ಗ್ಯಾಸ್ ಕುಲುಮೆಯನ್ನು ಎಲ್ಲರೂ ದೊಡ್ಡೊಲೆ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳುವ ಹೆಂಗಸಿಗೆ ಒಲೆಯಕ್ಕ ಎಂದೇ ಹೆಸರು ಬಿದ್ದಿತ್ತು. ಮ್ಯಾನೇಜರ್ ಕೂಡ ಹಾಗೇ ಕರೆಯುತ್ತಿದ್ದ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಈಗಿನ ಒಲೆಯನ್ನು ಏಳು ವರ್ಷದ ಹಿಂದೆ ಮುಂದೆ ನಿಂತು ಕಟ್ಟಿಸಿದವಳೂ ಅವಳೇ. ಹೊತ್ತಿಸಿದ ದಿನದಿಂದ ಅದು ಒಂದು ಗಳಿಗೆಯೂ ಆರಿರಲಿಲ್ಲ. ಆರುವಂತೆಯೂ ಇರಲಿಲ್ಲ. ಒಳಗೆ ಗಾಜು ಹೆಪ್ಪುಗಟ್ಟಿದರೆ ಒಲೆಯೇ ಬಂಡೆಯಾಗುತ್ತದೆ. ಗಾಜನ್ನು ಹೊರಗೆ ಹರಿಸಿ ತಣಿಸಿದರೂ ಇಟ್ಟಿಗೆ ಬಿರಿಯುವುದು ತಪ್ಪುವುದಿಲ್ಲ. ಕಿಂಡಿಯಲ್ಲಿ ಒಮ್ಮೆ ಇಣುಕಿದರೆ ಸಾಕು, ಒಳಗಿನ ಹದ ಅವಳಿಗೆ ತಿಳಿಯುತ್ತಿತ್ತು. ಮೀಟರು ಆಮೇಲೆ ಹೌದು ಅನ್ನುತ್ತಿತ್ತು.

ದೂರದ ಎರಡು ದೇಶಗಳು ಒಂದು ಕಣಿವೆಗಾಗಿ ಕಚ್ಚಾಡಿಕೊಂಡಾಗ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಳ್ಳುವುದಕ್ಕೆ ಮನೆಯಲ್ಲಿ ತಮ್ಮ ಇದ್ದ. ಬೆಳಿಗ್ಗೆ ಕಾಫಿ ಹಿಡಿದು ಟಿ.ವಿ. ಮುಂದೆ ಕೂತರೆ ಸೇನಾಪತಿಯ ಗತ್ತು. "ನಮ್ಮ ಸರ್ಕಾರ ಸರಿಯಾದವರ ಪಕ್ಷ ಹಿಡಿದಿದೆ ಅಕ್ಕ," ಎಂದ ಒಂದು ದಿನ. ಮಾರನೇ ವಾರ ಎದುರಿನ ದೇಶದವರು ತಮ್ಮ ಗ್ಯಾಸ್ ಕೊಳವೆಯ ಬಾಯಿ ಮುಚ್ಚಿದರು. ಹತ್ತು ದೇಶಗಳಿಗೆ ಹೋಗುತ್ತಿದ್ದ ಗ್ಯಾಸು ಅದು. ಒಂದು ಕಡೆ ಸರ್ಕಾರ ಬಿತ್ತು, ಇನ್ನೊಂದು ಕಡೆ ಗೊಬ್ಬರದ ಕಾರ್ಖಾನೆಗಳಿಗೆ ಬೀಗ ಬಿತ್ತು. ಇಲ್ಲಿ, ಶನಿವಾರದಿಂದ ಅಗತ್ಯ ವಸ್ತು ಮಾಡುವವರಿಗೆ ಮಾತ್ರ ಗ್ಯಾಸ್ ಎಂಬ ಆದೇಶ ಬಂತು.

"ನಮ್ಮದು ಅಗತ್ಯ ಅಲ್ಲದೆ ಇನ್ನೇನು," ಎಂದುಕೊಂಡು ಅವಳು ಬುಧವಾರ ಗ್ಯಾಸ್ ಹಂಚಿಕೆ ಕಚೇರಿಗೆ ಹೋದಳು. ಮೂರು ಮೇಜು ದಾಟಿಸಿ ನಾಲ್ಕನೆಯವನ ಹತ್ತಿರ ಕೂರಿಸಿದರು. ಕನ್ನಡಕ ಹಣೆಗೇರಿಸಿಕೊಂಡಿದ್ದ ಆ ಅಧಿಕಾರಿ ಪಟ್ಟಿ ತಿರುವಿದ.

"ಗಾಜು ಅಲಂಕಾರದ ಸಾಮಾನುಗಳ ಜೊತೆ ಇದೆ ಮೇಡಂ."

"ಇಂಜೆಕ್ಷನ್ ಸೀಸೆನ ಅಲಂಕಾರಕ್ಕೆ ಯಾರ್ ಇಡ್ತಾರೆ ಸಾರ್?"

"ನನಗೆ ಅರ್ಥ ಆಗುತ್ತೆ. ಪಟ್ಟಿಗೆ ಅರ್ಥ ಆಗಬೇಕಲ್ಲ."

ಅವಳು ಹಲ್ಲು ಕಚ್ಚಿ ತಡೆದುಕೊಂಡಳು. "ಮೂರರಲ್ಲಿ ಒಂದು ಪಾಲು ಕೊಡಿ. ಸೀಸೆ ಮಾಡಲ್ಲ, ಒಲೆ ಬಿಸಿಯಾಗಿ ಇಟ್ಕೊಳ್ತೀವಿ ಅಷ್ಟೇ. ಒಂದ್ಸಲ ಆರಿದ್ರೆ ಮುಗೀತು."

"ಮನವಿ ಬರೆದುಕೊಡಿ. ಮುಂದಿನ ಗುರುವಾರ ವಿಚಾರಣೆ."

"ಗ್ಯಾಸ್ ನಿಲ್ಲೋದು ಈ ಶನಿವಾರ."

"ಅದು ಬೇರೆ ವಿಭಾಗ," ಎಂದ ಅವನು, ಪಾಪ, ಬೇಸರದಿಂದಲೇ.

ಬೈಯೋಣವೆಂದರೆ ಬೈಗುಳಕ್ಕೆ ತಕ್ಕ ಮುಖವೂ ಅವನದಲ್ಲ. ಅವಳು ಮನವಿ ಬರೆದಳು. ಶುಕ್ರವಾರ ಮ್ಯಾನೇಜರ್ ಎಂಟು ಕಡೆ ಫೋನ್ ಮಾಡಿದ. ಎಂಟೂ ಕಡೆ "ಮೇಲಿನವರನ್ನು ಕೇಳಿ" ಎಂದರು.

ಶನಿವಾರ ಬೆಳಿಗ್ಗೆ, ಗ್ಯಾಸು ತಾನಾಗಿ ನಿಲ್ಲುವ ಮೊದಲು, ಒಲೆಯಕ್ಕನೇ ತಳದ ತೂಬು ಒಡೆದಳು. ಬೇರೆ ಯಾರಿಗೂ ಬಿಡಲಿಲ್ಲ. ಕೆಂಪಗೆ ಕಾದ ಗಾಜು ಜೇನಿನ ಹಾಗೆ ಎಳೆ ಎಳೆಯಾಗಿ ನೀರಿನ ಗುಂಡಿಗೆ ಇಳಿಯಿತು, ಬಿದ್ದಲ್ಲೇ ಚಟಪಟನೆ ಪುಡಿಯಾಯಿತು. ಆರು ಗಂಟೆ ಹರಿಯಿತು. ಆಮೇಲೆ ಕಿಂಡಿಗಳನ್ನೆಲ್ಲ ಮುಚ್ಚಿ ಹತ್ತು ದಿನ ಒಲೆಯನ್ನು ನಿಧಾನವಾಗಿ ತಣಿಸಿದಳು, ಮಗುವಿನ ಜ್ವರ ಇಳಿಸಿದ ಹಾಗೆ. ಆದರೂ ಒಳಗೆ ಇಟ್ಟಿಗೆಗಳು ಟಕ್ ಟಕ್ ಎಂದು ಬಿರಿಯುವುದು ಕೇಳುತ್ತಲೇ ಇತ್ತು.

ಹದಿಮೂರನೇ ದಿನ ಕಚೇರಿಯಿಂದ ಕಾಗದ ಬಂತು: ಮನವಿ ಪರಿಶೀಲಿಸಲಾಗಿದೆ, ಮೂರನೇ ಒಂದು ಪಾಲು ಮಂಜೂರಾಗಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಕಾಗದವನ್ನು ಮಡಿಚಿ ಮ್ಯಾನೇಜರನ ಮೇಜಿನ ಮೇಲಿಟ್ಟು, ಅವಳು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಎರಡು ತಿಂಗಳಾದ ಮೇಲೆ ಆ ದೇಶಗಳು ರಾಜಿಯಾದವು. ಟಿ.ವಿ.ಯಲ್ಲಿ ಇಬ್ಬರು ನಾಯಕರು ಕೈ ಕುಲುಕಿದರು.

"ನಮ್ಮವರೇ ಗೆದ್ದರು ಅಕ್ಕ," ಎಂದ ತಮ್ಮ.

"ನಮ್ಮವರು ಅಂದ್ರೆ ಯಾರೋ?" ಎಂದಳು. "ನನ್ನ ಜೊತೆ ಕೆಲಸ ಮಾಡ್ತಿದ್ದ ನಲವತ್ತು ಜನ ಮನೇಲಿ ಕೂತಿದಾರೆ. ಅವರಲ್ಲಿ ಯಾರು ಗೆದ್ದರು ಹೇಳು."

ತಮ್ಮ ಟಿ.ವಿ. ಸದ್ದು ತಗ್ಗಿಸಿದ. ಆರಿಸಲಿಲ್ಲ.

ಗ್ಯಾಸು ಬಂತು, ಒಲೆ ಬರಲಿಲ್ಲ. ಅದಕ್ಕೆ ಬೇಕಾದ ಇಟ್ಟಿಗೆ ಸುಡುವ ಕಾರ್ಖಾನೆ ಇದ್ದದ್ದೇ ಜಗಳದ ಆ ಕಣಿವೆಯಲ್ಲಿ. ಈಗ ಅಲ್ಲಿ ಒಂದು ಗೋಡೆಯೂ ನಿಂತಿರಲಿಲ್ಲ. ಮಾಲೀಕರು ಇನ್ನೊಂದು ದೇಶದಿಂದ ಸೀಸೆ ತರಿಸತೊಡಗಿದರು. ದೊಡ್ಡೊಲೆಯ ಅಂಗಳ ಉಗ್ರಾಣವಾಯಿತು. ಒಲೆಯಕ್ಕನಿಗೆ ಪೆಟ್ಟಿಗೆ ಬಿಚ್ಚಿ ಸೀಸೆ ಪರೀಕ್ಷಿಸುವ ಕೆಲಸ ಕೊಟ್ಟರು.

ಮೊದಲ ವಾರವೇ ಅವಳು ಹನ್ನೊಂದು ಪೆಟ್ಟಿಗೆ ಪಕ್ಕಕ್ಕಿಟ್ಟಳು. ಸೀಸೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು.

"ಆಸ್ಪತ್ರೆಯವರು ಕಾಯ್ತಿದಾರೆ," ಎಂದ ಮ್ಯಾನೇಜರ್. "ಬೇರೆ ಎಲ್ಲಿಂದ ತರಲಿ? ಸಹಿ ಹಾಕಿಬಿಡಿ ಒಲೆಯಕ್ಕ."

"ಹಾಕಲ್ಲ. ಇದರ ಕತ್ತು ಮುರಿದು ಚೂರು ಔಷಧಿಗೆ ಬಿದ್ರೆ?"

"ಹಾಗಾದ್ರೆ ನಾನೇ ಹಾಕ್ತೀನಿ," ಎಂದು ಅವನು ಪೆನ್ನು ತೆಗೆದ. ಒಂದೊಂದು ಪೆಟ್ಟಿಗೆಯಿಂದ ಒಂದು ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆರು ಪೆಟ್ಟಿಗೆಗೆ ಹಾಕಿದ, ಐದನ್ನು ಬಿಟ್ಟ.

ಆ ಐದನ್ನು ಅವಳು ತಾನೇ ಎತ್ತಿಕೊಂಡು ಹೋಗಿ ಒಡೆದ ಗಾಜಿನ ತೊಟ್ಟಿಗೆ ಸುರಿದಳು. ಉಳಿದ ಆರು ಮಧ್ಯಾಹ್ನದ ಲಾರಿಗೆ ಹೋದವು.