ಗೇಣು ದೂರದಿಂದ ನೋಡುವ ಮುಖ

ಪುಣೆಯ ಕೊಂಢವಾ ಬಡಾವಣೆಯ ಅಂಗಡಿಗಳು ಇನ್ನೂ ಕದ ತೆರೆದಿಲ್ಲ. ಬೆಳಗಿನ ಮಬ್ಬಿನಲ್ಲಿ ಈರಬಸಪ್ಪ ತಮ್ಮ ಅಂಗಡಿಯ ಮುಂದೆ ಕೂತು ಕ್ಯಾನ್ವಾಸಿನ ಮೇಲೊಂದು ಮುಖಕ್ಕೆ ಬಣ್ಣ ಹಚ್ಚುತ್ತಾರೆ. ಇದ್ದಕ್ಕಿದ್ದಂತೆ ಎದ್ದು ರಸ್ತೆ ದಾಟುತ್ತಾರೆ. ಆಚೆ ಕಟ್ಟೆಯ ಮೇಲೆ ನಿಂತು, ಕಣ್ಣು ಕಿರಿದು ಮಾಡಿ ತಮ್ಮ ಚಿತ್ರವನ್ನೇ ನೋಡುತ್ತಾರೆ. ಹಾಲಿನವನು ಸೈಕಲ್ಲಿಗೆ ಬ್ರೇಕ್ ಹಾಕಿ ಮರಾಠಿಯಲ್ಲಿ ಬೈದು ಹೋಗುತ್ತಾನೆ.

"ಹಳೇ ಚಟಾರೀ, ಹೋಗವಲ್ದು," ಎಂದು ನನ್ನನ್ನು ನೋಡಿ ನಗುತ್ತಾ ಮರಳಿ ಬಂದು, ಈ ಸಲ ಗೇಣು ದೂರದಿಂದ ಅದೇ ಮುಖ ನೋಡುತ್ತಾರೆ.

ಬೆಳಗಾವಿ ಕಡೆಯ ಈ ಮನುಷ್ಯ ತೊಂಬತ್ತರ ದಶಕವಿಡೀ ಪುಣೆಯಲ್ಲಿ ಸಿನಿಮಾ ಬ್ಯಾನರ್ ಬರೆದು ಸಂಸಾರ ತೂಗಿಸಿದವರು. ನಾಯಕನ ಮೂಗೊಂದೇ ಆಳೆತ್ತರ. ಬಸ್ಸಿನಲ್ಲಿ ಹೋಗುವವರಿಗೆ ಕಂಡರೆ ಸಾಕಿತ್ತು. ಫ್ಲೆಕ್ಸ್ ಬಂದದ್ದೇ ತಡ, ಕೆಲಸ ನಿಂತಿತು. ಮನೆಗಳಲ್ಲಿ ತೂಗುಹಾಕುವ ಹಿರಿಯರ ಭಾವಚಿತ್ರಕ್ಕೆ ಕೈಹಾಕಿದರೆ, ಹತ್ತಿರದಿಂದ ನೋಡಿದಾಗ ಮುಖವೇ ಇಲ್ಲ, ಬರೀ ಬಣ್ಣದ ಮುದ್ದೆ.

ಆಗ ಕೈಹಿಡಿದವರು ಧಾರವಾಡ ಮೂಲದ ನಿವೃತ್ತ ಡ್ರಾಯಿಂಗ್ ಮಾಸ್ತರ ಬಿಂದುಮಾಧವರು. ಯುರೋಪಿನ ಹಳೆಯ ತೈಲಚಿತ್ರವೊಂದರ ಮುದ್ರಿತ ಪ್ರತಿಯನ್ನು ನೋಡಿ ಬರೆಯಲು ಕೊಟ್ಟರು. ಬಿಳಿ ಟೊಪ್ಪಿಗೆಯ ಮುದುಕಿಯೊಬ್ಬಳ ಚಿತ್ರ.

"'ಈಕಿ ಮುಗಿಯೂತನಕ ಬ್ಯಾರೆ ಯಾರ ಮಾರಿನೂ ತಗೀಬ್ಯಾಡ' ಅಂದ್ರು ಮಾಸ್ತರು. ರಸ್ತೆ ಆಚೆ ನಿಂತ್ರ ಮುದುಕಿ ನನ್ನ ನೋಡತಿದ್ಲು. ಸನೇಕ ಬಂದ್ರ ಮಾಯ. ಒರಸೂದು, ಮತ್ತ ಹಚ್ಚೂದು. ತೆಳ್ಳಗ ಹಚ್ಚಿ, ಒಣಗಾಕ ಬಿಟ್ಟು, ಮ್ಯಾಲ ಮತ್ತ ತೆಳ್ಳಗ. ಮಳಿಗಾಲದಾಗ ಎಣ್ಣಿಬಣ್ಣ ಲಗೂ ಒಣಗೂದಿಲ್ಲರಿ. ನಾನೂ ಅಕೀನೂ ಸುಮ್ಮನ ಒಬ್ಬರನ್ನೊಬ್ಬರು ನೋಡಕೋತ ಕೂಡತಿದ್ವಿ."

ಮುದುಕಿಯ ಚಿತ್ರ ಮುಗಿದ ಮೇಲೆ ಬಂದ ಮೊದಲ ಗಿರಾಕಿ, ಕಣ್ಣು ಮಂದವಾದ ಕೃಷ್ಣಾಬಾಯಿ. ತೀರಿಹೋದ ಮಾವನವರ ಮಾಸಿದ ಫೋಟೋ ಕೊಟ್ಟಿದ್ದರು. ಈ ಚಿತ್ರವೂ ಕೆಟ್ಟರೆ ಕುಂಚ ಕಟ್ಟಿಟ್ಟು ಮಗರಪಟ್ಟಾದ ಐಟಿ ಕಟ್ಟಡಗಳಲ್ಲಿ ವಾಚ್‌ಮನ್ ಕೆಲಸಕ್ಕೆ ಸೇರುವುದೆಂದು ಈರಬಸಪ್ಪ ಮನೆಯಲ್ಲಿ ಹೇಳಿಬಿಟ್ಟಿದ್ದರು.

"ದೂರ ನಿಂತು ನೋಡ್ರಿ ಅನ್ನೂಹಂಗ ಇಲ್ಲ, ಅವರಿಗೆ ದೂರದ್ದು ಕಾಣೂದಿಲ್ಲ. ಮೂಗು ತಾಗೂವಷ್ಟು ಸನೇಕ ಹೋದ್ರು. ಭಾಳೊತ್ತು ನೋಡಿದ್ರು. ಆಮ್ಯಾಲ ಎರಡ್ ಹೆಜ್ಜಿ ಹಿಂದ ಸರದು, ಮಾವನವರ ಎದುರಿಗೆ ನಿಂತ ಸೊಸಿ ಹಂಗ ತಲಿ ಮ್ಯಾಲ ಸೆರಗ ಎಳಕೊಂಡ್ರು."

ಅದನ್ನು ಹೇಳುವಾಗ ಈರಬಸಪ್ಪನವರ ಕಣ್ಣು ತುಂಬುತ್ತದೆ. ನನ್ನ ಕಣ್ಣೂ ಒದ್ದೆ. ಬಿಳಿ ಟೊಪ್ಪಿಗೆಯ ಆ ಮುದುಕಿ ಈಗಲೂ ಅಂಗಡಿಯ ಗೋಡೆಯ ಮೇಲಿದ್ದಾಳೆ. ದಿನಾ ಅವಳಿಗೆ ಕೈಮುಗಿದೇ ಕೆಲಸ ಶುರು.

ಬೆಳಗಿನಿಂದ ಬರೆಯುತ್ತಿರುವ ಮುಖ ಯಾರದೆಂದು ಕೇಳಿದೆ.

"ನಮ್ಮ ಮಾಸ್ತರದರಿ. ಅವರಿಗೂ ಈಗ ಕಣ್ಣು ಮಂಜು. ಅವರೂ ಇದನ್ನ ಸನೇದಿಂದನ ನೋಡತಾರ."